ಕೆಮ್ಮಿದರೆ ಟಿವಿ ಬಂದ್!

ಸಿನಿಮಾದ ತ್ಯಾಗಮಯಿ ತಾಯಂದಿರು ಕೊನೆಗೆ ಸಾಯುತ್ತಾರೆಂದು ಯಾರು ಹೇಳಿದರು? ಬೈಲಹೊಂಗಲದ ನಮ್ಮ ಓಣಿಯಲ್ಲಿ ಎಷ್ಟೋ ವರ್ಷ ಒಬ್ಬಳೂ ಸತ್ತಿಲ್ಲ! ನಮ್ಮ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಯಾರನ್ನೂ ಸಾಯಲು ಬಿಡಲಿಲ್ಲ.

ತೊಂಬತ್ತರ ದಶಕ. ಪೇಟೆಯಲ್ಲಿ ಸ್ವಂತ ಪಾತ್ರೆ ಅಂಗಡಿ ಹಾಕಿ, ಚೌಕಾಸಿ ಮಾಡಿ ಮಾಡಿ ಓಣಿಗೆ ಮೊದಲ ಬಣ್ಣದ ಟಿವಿ ತಂದವನು ನಾನು. (ನಿಮಗೊಂದು ಸಲಹೆ: ಟಿವಿಯ ಸ್ವಿಚ್ಚನ್ನು ಹಿರಿಯರ ಕೈಗೆ ಎಟುಕದಷ್ಟು ಎತ್ತರದಲ್ಲಿ ಹಾಕಿಸಿ!) ರವಿವಾರ ಸಂಜೆ ಪಿಕ್ಚರ್ ಶುರುವಾದರೆ ಪಡಸಾಲೆ ತುಂಬ ಹೆಂಗಸರು, ಸ್ವಿಚ್ಚಿನ ಪಕ್ಕ ಚಿಗವ್ವ. ಪರದೆಯ ತಾಯಿ ಮಗನಿಗೆ ಉಣ್ಣಲಿಕ್ಕಿ ತಾನು ನೀರು ಕುಡಿದು ಮಲಗಿದರೆ ಇವಳಿಗೆ ಸಿಟ್ಟು: “ಒಂದು ರೊಟ್ಟಿ ಮುರದು ಇಬ್ರೂ ತಿನ್ನಾಕ ಏನಾಗೇತಿ ನಿನಗ?” ಮಗನ ಫೀಗಾಗಿ ಹೊಲಿಗೆ ಯಂತ್ರ ತುಳಿದರೆ, “ಯಾರರೆ ಆ ಕಾಲಿಗೆ ಎಣ್ಣಿ ಹಚ್ರಿ!” ತಾಯಿ ಒಮ್ಮೆ ಕೆಮ್ಮಿದಳೋ, ಟಪ್! ಟಿವಿ ಬಂದ್.

“ಮುಗೀತು ಪಿಕ್ಚರ್. ಏಳ್ರಿ, ಚಾ ಕುಡೀರಿ.”

“ಯಕ್ಕಾ, ಇನ್ನ ಅರ್ಧಾ ತಾಸ್ ಐತಲ್ರಿ! ಅಳಾಕಂತನ ಬಂದೇವ್ರಿ ನಾವು!”

“ಅಳೂದಿದ್ರ ನಿಮ್ಮ ಮನ್ಯಾಗ ಉಳ್ಳಾಗಡ್ಡಿ ಹೆಚ್ರಿ.”

ವ್ಯಾಪಾರಸ್ಥ ನಾನು, ಸುಮ್ಮನಿರಲಾದೀತೇ? ಚೌಕಾಸಿಗೆ ಕುಳಿತೆ.

“ಚಿಗವ್ವ, ಮೂರು ಕೆಮ್ಮಿನ ತನಕ ಇಡು.”

“ಒಂದು.”

“ಹೋಗ್ಲಿ, ಡಾಕ್ಟರ್ ಬರೂತನಕ?”

“ಬರಲಿ. ಚಸ್ಮಾ ತಗದ್ನೋ, ಬಂದ್!”

ಅಂದಿನಿಂದ ಸಿನಿಮಾದ ಡಾಕ್ಟರು ಚಸ್ಮಾಕ್ಕೆ ಕೈ ಹಾಕಿದರೆ ಸಾಕು, ಇಡೀ ಪಡಸಾಲೆ ತಾನೇ ಎದ್ದು ಚಪ್ಪಲಿ ಹುಡುಕುತ್ತಿತ್ತು!

ಒಂದು ರವಿವಾರ ಚಿಗವ್ವ ಮುರಗೋಡದ ಮಠಕ್ಕೆ ಹೋದಳು. ಸುದ್ದಿ ಹಬ್ಬಿ ಓಣಿಗೆ ಓಣಿಯೇ ಬಂದು ಕುಳಿತಿತು. ಡಾಕ್ಟರು ಚಸ್ಮಾ ತೆಗೆದ. ಯಾರೂ ಏಳಲಿಲ್ಲ. ತಾಯಿ ಸತ್ತಳು. ಪುಟ್ಟ ಮಗ ಸೆರಗು ಜಗ್ಗಿ ಜಗ್ಗಿ ಎಬ್ಬಿಸತೊಡಗಿದ. ಹೆಂಗಸರು ಇಷ್ಟು ವರ್ಷದ್ದನ್ನೆಲ್ಲ ಒಟ್ಟಿಗೇ ಅತ್ತು, ಹಗುರಾಗಿ ಮನೆಗೆ ಹೋದರು. ನನಗೆ ಮಾತ್ರ ಏಳಲಾಗಲಿಲ್ಲ.

ನನ್ನ ಅವ್ವ ಕೆಮ್ಮಿ ಕೆಮ್ಮಿ ಹೋದಾಗ ನನಗೆ ನಾಲ್ಕು ವರ್ಷ. ಡಾಕ್ಟರು ಚಸ್ಮಾ ತೆಗೆದದ್ದಷ್ಟೇ ನೆನಪು. ಅಷ್ಟರಲ್ಲಿ ಚಿಗವ್ವ, “ಬಾ, ಕರಾ ನೋಡೂಣು” ಎಂದು ನನ್ನನ್ನು ಎತ್ತಿಕೊಂಡು ಹಿತ್ತಲಲ್ಲಿ ಕಟ್ಟಿದ್ದ ಆಕಳ ಕರುವಿನ ಹತ್ತಿರ ಓಡಿದ್ದಳು.

ಮಠದಿಂದ ಬಂದವಳು ಬಾಗಿಲಲ್ಲೇ ಕೇಳಿದಳು: “ಏನಾತು ಆಕಿಗೆ?”

“ಆರಾಮ ಆತು ಚಿಗವ್ವ. ಸೂಜಿ ಮಾಡಿದ್ರು, ಎದ್ದು ಕುಂತಳು.”

ನನ್ನ ಮುಖವನ್ನೇ ನೋಡಿದಳು. ಹತ್ತಿರ ಬಂದು ಕುಳಿತಳು.

“ಒಂದು ಸುಳ್ಳ ಸರಿಯಾಗಿ ಹೇಳಾಕ ಬರೂದಿಲ್ಲ, ಅಂಗಡಿ ಹೆಂಗ ನಡಸ್ತೀಯೋ ಖೋಡಿ?” ಎನ್ನುತ್ತ ಸೆರಗಿನಿಂದ ನನ್ನ ಕಣ್ಣೊರೆಸಿದಳು.