ಹೊಲದಲ್ಲಿ ಮಿಟುಕಿದ ಎರಡು ಕೆಂಪು ಕಣ್ಣು

ಎಲ್‌ಇಡಿ ದೀಪ ಕುಣಿಸುವುದರಲ್ಲಿ ಮಧುಗಿರಿಯಿಂದ ಪಾವಗಡದವರೆಗೆ ನನ್ನ ಸಮ ಇನ್ನೊಬ್ಬನಿಲ್ಲ. ಅಂಗೈಯಗಲದ ಒಂದು ಬೋರ್ಡಿಗೆ ಕಂಪ್ಯೂಟರಿನಿಂದ ನಾಲ್ಕು ಸಾಲು ಪ್ರೋಗ್ರಾಮು ತುಂಬಿದರೆ ಸಾಕು, ದೀಪಗಳು ಹೇಳಿದಂತೆ ಕೇಳುತ್ತವೆ. ನೋಡಿದ ಜನ ಮಾತ್ರ ಯಾಕೋ ಹೌಹಾರುತ್ತಾರೆ. ಕೊರಟಗೆರೆಯ ಭಾವಮೈದನ ಮಗಳ ಮದುವೆ ಗೊತ್ತಾದಾಗ, ಮಂಟಪದ ದೀಪ ನನ್ನದೇ ಎಂದು ಹಟ ಹಿಡಿದೆ.

"ಮೊದ್ಲು ಬೇರೆ ಕಡೆ ಮಾಡಿ ತೋರ್ಸಿ ಭಾವ, ಆಮೇಲೆ ನೋಡಾಣ" ಎಂದ ಭಾವಮೈದ.

ಶಿರಾದ ಬೊಂಬೆ

ಸೀರೆ ಅಂಗಡಿಯ ಬೊಂಬೆಗೆ ಎಲ್‌ಇಡಿ ಸರ ಹಾಕಿ, ಯಾರಾದರೂ ಮುಟ್ಟಿದರೆ ಹೊಳೆಯುವಂತೆ ಸೆನ್ಸರು ಕೂರಿಸಿದೆ. ಒಬ್ಬಾಕೆ ಬಂದು ಬೊಂಬೆಯ ಸೆರಗು ಹಿಡಿದು ಬಟ್ಟೆ ಉಜ್ಜಿ ನೋಡಿದಳು. ಸರ ಝಗ್ಗೆಂದಿತು. ಸೆರಗು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, "ತಪ್ಪಾಯ್ತು ಕಣಮ್ಮ, ಬೊಂಬೆ ಅಂದ್ಕೊಂಬುಟ್ಟೆ" ಎಂದು ಕೈಮುಗಿದಳು. ಬೊಂಬೆ ಸುಮ್ಮನಿತ್ತು.

ಹೊರಗೆ ಹೋಗುತ್ತಾ ಅಂಗಡಿಯವನಿಗೆ ಹೇಳಿದಳು: "ಮೈತುಂಬ ಒಡವೆ ಹಾಕ್ಕಂಡ್ರೆ ಮಾತೇ ಆಡಬಾರ್ದಾ? ಏನು ಜಂಬನಪ್ಪ."

ಪಾವಗಡದ ತೊಟ್ಟಿಲು

ನೆಂಟರ ಮನೆಯ ನಾಮಕರಣ. ತೊಟ್ಟಿಲಿನ ಸುತ್ತ ಕೆಂಪು, ನೀಲಿ ದೀಪ ಒಂದಾದ ಮೇಲೊಂದು ಮಿಂಚುವಂತೆ ಮಾಡಿದೆ. ಹಿತ್ತಿಲಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರಿಗೆ ಕಂಡದ್ದು ಗೋಡೆಯ ಮೇಲೆ ಬೀಳುತ್ತಿದ್ದ ಬೆಳಕು ಮಾತ್ರ.

"ಪೊಲೀಸೋಳ್ಳು ವಚ್ಚಿನಾರು ರಾ" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ, ಪೊಲೀಸರು ಬಂದರೆಂದು. ಅಷ್ಟೂ ಜನ ಕಾಂಪೌಂಡು ಹಾರಿದರು. ಅವರಲ್ಲಿ ಮಗುವಿನ ಅಪ್ಪನೂ ಒಬ್ಬ.

ಒಳಗೆ ಪುರೋಹಿತರು, "ಕಿವಿಯಲ್ಲಿ ಹೆಸರು ಹೇಳಬೇಕು, ತಂದೆ ಎಲ್ಲಿ?" ಎಂದರು. ಅವನ ಹೆಂಡತಿ ಕಿಟಕಿಯಿಂದ ಕೂಗಿದಳು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದ ಅವನು ಅಲ್ಲಿಂದಲೇ ಹೆಸರು ಕೂಗಿ ಹೇಳಿದ. ಮಗುವಿಗಿಂತ ಮೊದಲು ಇಡೀ ಬೀದಿಗೆ ಗೊತ್ತಾಯಿತು.

ಕೊರಟಗೆರೆಯ ಬೋನು

ಎರಡೂ ಸುದ್ದಿ ಭಾವಮೈದನಿಗೆ ಮುಟ್ಟಿದವು. "ಮಂಟಪ ಆಮೇಲಾಯ್ತು ಭಾವ. ನನ್ನ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ತಾವೆ, ನಿಮ್ ದೀಪದಲ್ಲಿ ಓಡ್ಸಿ ನೋಡಾಣ" ಎಂದ. ಇದೇ ಕೊನೆಯ ಅವಕಾಶವೆಂದು ಗೊತ್ತಾಯಿತು.

ಪೊದೆಯೊಳಗೆ ಎರಡು ಕೆಂಪು ಎಲ್‌ಇಡಿ ಇಟ್ಟು, ಥೇಟು ಚಿರತೆ ಕಣ್ಣು ಮಿಟುಕಿಸಿದಂತೆ ಪ್ರೋಗ್ರಾಮು ಬರೆದೆ. ಹಂದಿಗಳು ಓಡಿದವು. ಅವುಗಳ ಹಿಂದೆ, ಚಿರತೆ ಬಂತೆಂದು ಊರೂ ಓಡಿತು. ಫಾರೆಸ್ಟಿನವರು ಬಂದು, ಮೇಕೆ ಕಟ್ಟಿದ ಬೋನು ಇಟ್ಟು, ಮೇಲೆ ಸೊಪ್ಪು ಮುಚ್ಚಿ ಹೋದರಂತೆ. ನನಗೆ ಯಾರೂ ಹೇಳಲಿಲ್ಲ.

ಮುಸ್ಸಂಜೆ ಬ್ಯಾಟರಿ ಬದಲಿಸಲು ಹೋದೆ. ಸೊಪ್ಪಿನೊಳಗೆ ಮೇಕೆ ಅರಚುತ್ತಿತ್ತು. ಪಾಪ, ಯಾರದೋ ಸಿಕ್ಕಿಹಾಕಿಕೊಂಡಿದೆ ಎಂದು ಬಗ್ಗಿ ನುಗ್ಗಿದೆ. ಹಿಂದೆ ಧಡ್ ಎಂದು ಬಾಗಿಲು ಬಿತ್ತು. ಕೂಗಿದೆ. ಕೂಗಿದಷ್ಟೂ ಊರಿನ ಮನೆಗಳು ಅಗುಳಿ ಹಾಕಿಕೊಂಡವು.

ಬೆಳಿಗ್ಗೆ ಊರೇ ನೆರೆಯಿತು. ಫಾರೆಸ್ಟ್ ಗಾರ್ಡು ಸೊಪ್ಪು ಸರಿಸಿ ಇಣುಕಿದ. "ಚಿರತೆ ಅಲ್ಲ ಕಣ್ಲಾ, ಯಾರೋ ಯಜಮಾನ್ರು. ಮೇಕೆ ಅಂಗೇ ಐತೆ."

ಗುಂಪಿನಿಂದ ಭಾವಮೈದ ಮುಂದೆ ಬಂದ. ನನ್ನನ್ನು ನೋಡಿದ, ಪೊದೆಯಲ್ಲಿ ಇನ್ನೂ ಮಿಟುಕುತ್ತಿದ್ದ ಕಣ್ಣು ನೋಡಿದ. "ಹಂದಿ ಬರ್ಲಿಲ್ಲ ತಾನೇ?" ಎಂದು ನಾನು ಮೀಸೆ ತಿರುವಿದೆ.

ಅವನು ಗಾರ್ಡಿನ ಕಡೆ ತಿರುಗಿ ಕೈಮುಗಿದ. "ಸಾರ್, ನಾಳಿದ್ದು ಮಗಳ ಮದ್ವೆ. ಮುಹೂರ್ತ ಮುಗಿಯೋಗಂಟ ಬಾಗ್ಲು ತೆಗೀಬ್ಯಾಡಿ. ಊಟ ಇಲ್ಲಿಗೇ ಕಳಿಸ್ತೀನಿ."