ಒಳಗಾಜಿನ ಮಚ್ಚೆ

ಇಂದ,
ಸ್ಕ್ಯಾನಿಂಗ್ ಗುಮಾಸ್ತ,
ಗುರುತಿನ ಚೀಟಿ ವಿಭಾಗ (ವಿಭಾಗದಲ್ಲಿ ನಾನೊಬ್ಬನೇ),
ಬೀಗದ ಕಾರ್ಖಾನೆ, ಗೋದಾಮಿನ ಹಿಂದಿನ ಕೋಣೆ.

ಗೆ,
ಮಾನ್ಯ ವ್ಯವಸ್ಥಾಪಕರು,
ಅದೇ ಕಾರ್ಖಾನೆ, ಮೇಲಿನ ಮಹಡಿ.

ವಿಷಯ: ಸ್ಕ್ಯಾನರಿನ ಒಳಗಾಜನ್ನು ದಯವಿಟ್ಟು ಒರೆಸಬಾರದೆಂದು ಕೋರಿ.

ಉಲ್ಲೇಖ: 1. ಸದರಿ ಗಾಜನ್ನು ದಯವಿಟ್ಟು ಒರೆಸಬೇಕೆಂದು ಕೋರಿ ನಾನೇ ಸಲ್ಲಿಸಿದ್ದ ಅರ್ಜಿಗಳು.
2. ಶುಕ್ರವಾರ ಮೆಕ್ಯಾನಿಕ್ ಬರುತ್ತಾನೆಂಬ ತಮ್ಮ ಆದೇಶ.
3. ನಮ್ಮ ಅಕ್ಕ ಊಟ ಬಡಿಸುತ್ತಾ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ನೌಕರರೆಲ್ಲರಿಗೂ ಹೊಸ ಗುರುತಿನ ಚೀಟಿ ಮಾಡಿಕೊಡಲು ತಾವು ಆದೇಶಿಸಿದಿರಿ. ಅದರಂತೆ ಪ್ರತಿಯೊಬ್ಬರ ಫೋಟೋವನ್ನೂ ಸ್ಕ್ಯಾನರಿನ ಗಾಜಿನ ಮೂಲೆಗೆ, ಬಾಣದ ಗುರುತಿಗೆ ಸರಿಯಾಗಿ ಇಟ್ಟು ಸ್ಕ್ಯಾನ್ ಮಾಡಿದೆ. ಗಾಜಿನ ಒಳಬದಿಯಲ್ಲಿ, ಕೈಗೆ ಎಟುಕದ ಕಡೆ, ಒಂದು ಕರಿ ಚುಕ್ಕೆ ಕೂತಿತ್ತು. ಧೂಳೋ, ಸತ್ತ ಹುಳವೋ, ದೇವರೇ ಬಲ್ಲ. ಫೋಟೋಗಳನ್ನೆಲ್ಲ ಒಂದೇ ಜಾಗದಲ್ಲಿ ಇಟ್ಟ ಕಾರಣ ಎಲ್ಲರ ಎಡಗೆನ್ನೆಯ ಮೇಲೂ ಒಂದೇ ಅಳತೆಯ ಮಚ್ಚೆ ಬಿತ್ತು. ಇಡೀ ಕಾರ್ಖಾನೆ ಒಡಹುಟ್ಟಿದವರ ಹಾಗೆ ಕಾಣತೊಡಗಿತು.

2. ಗಾಜಿನ ಮೇಲ್ಭಾಗವನ್ನು ಮೊದಲು ಮೆತ್ತನೆಯ ಬಟ್ಟೆಯಿಂದ, ನಂತರ ಕರವಸ್ತ್ರದಿಂದ, ನಂತರ ಸಿಟ್ಟಿನಿಂದ ಒರೆಸಿದೆ. ಒರೆಸಿದಷ್ಟೂ ಚುಕ್ಕೆ ಇನ್ನೂ ಚೆನ್ನಾಗಿ ಕಂಡಿತು. ಒಳಬದಿಯನ್ನು ಒರೆಸಬೇಕಾದರೆ ಸ್ಕ್ರೂ ಬಿಚ್ಚಿ ಗಾಜಿನ ಚೌಕಟ್ಟನ್ನೇ ಎತ್ತಬೇಕು. ಸ್ಕ್ರೂ ಮೇಲೆ "ಅನುಮತಿಯಿಲ್ಲದೆ ಬಿಚ್ಚಬಾರದು" ಎಂಬ ಚೀಟಿ ಅಂಟಿಸಲಾಗಿದೆ. ಸ್ವಚ್ಛತೆಯವರು "ಮೇಲಿನ ಗಾಜು ನಮ್ದು, ಒಳಗಿಂದು ನಮ್ದಲ್ಲಪ್ಪ" ಎಂದು ಕೈ ತೊಳೆದುಕೊಂಡರು. ಎಲೆಕ್ಟ್ರಿಷಿಯನ್ "ವೈರ್ ಸುಟ್ರೆ ಹೇಳು, ಬರ್ತೀನಿ. ಗಾಜಿಗೆಲ್ಲ ನನ್ನ ಕರೀಬೇಡ" ಎಂದ. ಆದ್ದರಿಂದ ಉಲ್ಲೇಖ 1ರ ಅರ್ಜಿಗಳು.

3. ಅಷ್ಟರಲ್ಲಿ ಚೀಟಿಗಳನ್ನು ಹಂಚಿ ಆಗಿತ್ತು. ಗೇಟಿನ ಕಾವಲುಗಾರರನ್ನು ನಾವು ಭೂತಗನ್ನಡಿ ಎಂದು ಕರೆಯುತ್ತೇವೆ. ಅವರು ಚೀಟಿಯ ಮುಖಕ್ಕೂ ಎದುರಿನ ಮುಖಕ್ಕೂ ತಾಳೆ ನೋಡಿ, "ಕಾರ್ಡಲ್ಲಿ ಮಚ್ಚೆ ಇದೆ, ಮುಖದಲ್ಲಿ ಎಲ್ಲಿ? ಹೋಗು, ಮಚ್ಚೆ ತಗೊಂಡು ಬಾ" ಎಂದು ಎಲ್ಲರನ್ನೂ ಹೊರಗೇ ನಿಲ್ಲಿಸಿದರು. (ತಮ್ಮ ಚೀಟಿಯಲ್ಲೂ ಮಚ್ಚೆ ಇದೆ. ಆದರೆ ತಮ್ಮನ್ನು ತಡೆಯುವ ಧೈರ್ಯ ಅವರಿಗಿಲ್ಲ.)

4. ಕೆಲವರು ಸ್ಕೂಟರಿನ ಕನ್ನಡಿ ನೋಡಿಕೊಂಡು ತಾವೇ ಮಚ್ಚೆ ಬರೆದುಕೊಂಡರು. ಕನ್ನಡಿಯ ದೆಸೆಯಿಂದ ಅದು ಬಲಗೆನ್ನೆಗೆ ಹೋಯಿತು. ಭೂತಗನ್ನಡಿ ಅವರನ್ನೂ ಹಿಂದಕ್ಕೆ ಅಟ್ಟಿದರು. ತಪ್ಪು ನನ್ನ ವಿಭಾಗದ್ದಾದ ಕಾರಣ, ಡಬ್ಬಗಳ ಮೇಲೆ ವಿಳಾಸ ಬರೆಯುವ ಕರಿ ಮಾರ್ಕರ್ ಹಿಡಿದು ದಿನಾ ಬೆಳಿಗ್ಗೆ ನಾನೇ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು, ಬಂದವರಿಗೆಲ್ಲ ಮಚ್ಚೆ ಇಟ್ಟು ಕಳಿಸತೊಡಗಿದೆ. ಶಾಯಿ ಬಲು ಗಟ್ಟಿ. ಒಮ್ಮೆ ಇಟ್ಟರೆ ವಾರವಿಡೀ ಅಲ್ಲಾಡುವುದಿಲ್ಲ, ಆದ್ದರಿಂದ ಬಹುತೇಕರು ಸೋಮವಾರ ಮಾತ್ರ ಬರುತ್ತಾರೆ.

5. ಬಂದ ಕಾಗದಗಳಿಗೆಲ್ಲ ಮೊಹರು ಒತ್ತುವ ಆವಕ ವಿಭಾಗದ ಮೇಡಂ ಮಾತ್ರ ದಿನಾ ಬರುತ್ತಾರೆ. ಸಂಜೆ ಇದ್ದ ಮಚ್ಚೆ ಬೆಳಿಗ್ಗೆ ಮಾಯ. ಕಾರಣ ಪತ್ತೆಯಾಗಿಲ್ಲ. ಅವರ ಮನೆಯ ಸೋಪು ಒಳ್ಳೆಯದಿರಬಹುದು.

"ಬೇಗ ಇಡ್ರೀ, ಬೆಲ್ ಹೊಡೆಯತ್ತೆ" ಎನ್ನುತ್ತಾರೆ.

"ಅಲ್ಲಾಡಬೇಡಿ ಮೇಡಂ."

"ನಾನೆಲ್ಲಿ ಅಲ್ಲಾಡ್ತಿದೀನಿ? ನಿಮ್ಮ ಕೈ ನೋಡ್ಕೊಳ್ಳಿ!"

ಸದರಿ ಹೇಳಿಕೆ ನಿಜವೆಂದು ದೃಢೀಕರಿಸುತ್ತೇನೆ. ಮಚ್ಚೆ ಇಡಲು ಒಂದು ಕ್ಷಣ ಸಾಕು. ಆದರೆ ಅವರ ಸ್ಕೂಟರ್ ಬೆಳಿಗ್ಗೆ ಹಟ ಮಾಡಿದ್ದು, ಮೊಹರು ಒತ್ತಿ ಒತ್ತಿ ಅವರ ಭುಜ ನೋಯುವುದು, ನಾನು ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡು ಬಂದದ್ದು, ಇವೆಲ್ಲ ಇತ್ಯರ್ಥವಾಗುವ ಹೊತ್ತಿಗೆ ಬೆಲ್ ಹೊಡೆದಿರುತ್ತದೆ.

6. ಹೀಗಿರುವಾಗ ತಾವು ನನ್ನ ಹಳೆಯ ಅರ್ಜಿಯನ್ನು ಮಂಜೂರು ಮಾಡಿದ್ದೀರಿ. ಗಾಜು ಒರೆಸಿದರೆ ಚುಕ್ಕೆ ಹೋಗುತ್ತದೆ. ಚುಕ್ಕೆ ಹೋದರೆ ಹೊಸ ಚೀಟಿ. ಹೊಸ ಚೀಟಿ ಬಂದರೆ ಮೇಡಂ ಸೈಕಲ್ ಸ್ಟ್ಯಾಂಡಿನಲ್ಲಿ ನಿಲ್ಲಲು ಕಾರಣವೇ ಇಲ್ಲ. ಅವರ ವಿಭಾಗ ಮುಂಬಾಗಿಲಲ್ಲಿ, ನನ್ನದು ಗೋದಾಮಿನ ಹಿಂದೆ. ನನಗೆ ಅವರೆಂದರೆ ಬಹಳ ಇಷ್ಟ. ಇದನ್ನು ಯಾವ ನಮೂನೆಯಲ್ಲಿ ಸಲ್ಲಿಸಬೇಕೋ ತಿಳಿಯದ ಕಾರಣ ಇಲ್ಲೇ ನಮೂದಿಸಿದ್ದೇನೆ.

7. ವಿಷಯ ಕೇಳಿ ಅಕ್ಕ ಸೌಟು ಹಿಡಿದುಕೊಂಡೇ ನಕ್ಕಳು. "ಅಯ್ಯೋ ಪೆದ್ದೇ! ಅವಳಿಗೆ ಹೇಳೋದು ಬಿಟ್ಟು ಮ್ಯಾನೇಜರಿಗೆ ಯಾಕೋ ಬರೀತೀಯ? ನಾಳೇನೇ ಹೋಗಿ ಬಾಯಿ ಬಿಟ್ಟು ಹೇಳು" ಎಂದು ಆದೇಶಿಸಿದಳು. ಪಾಲಿಸಲು ಹೋದೆ. ಮಾರ್ಕರಿನ ಮುಚ್ಚಳ ತೆಗೆದೆ, ಬಾಯಿ ತೆಗೆಯಲಾಗಲಿಲ್ಲ. ನನಗೆ ಬರುವುದು ಅರ್ಜಿ ಬರೆಯುವುದೊಂದೇ.

ಆದ್ದರಿಂದ ಮೆಕ್ಯಾನಿಕ್‌ನನ್ನು ಬಾರದಂತೆ ತಡೆದು, ಚುಕ್ಕೆಯನ್ನು ಇದ್ದಲ್ಲಿಯೇ ಉಳಿಸಿಕೊಡಬೇಕಾಗಿ ಕಳಕಳಿಯ ಪ್ರಾರ್ಥನೆ. ವಿಷಯ ಸೂಕ್ಷ್ಮವಾದ ಕಾರಣ ಈ ಅರ್ಜಿಯನ್ನು ಅಂಟಿಸಿದ ಲಕೋಟೆಯಲ್ಲಿ, "ಗೌಪ್ಯ" ಎಂದು ದಪ್ಪಕ್ಷರದಲ್ಲಿ ಬರೆದು ಸಲ್ಲಿಸುತ್ತಿದ್ದೇನೆ.

ತಮ್ಮ ವಿಶ್ವಾಸಿ ಹಾಗೂ ಮಚ್ಚೆಗಾರ,
(ಸಹಿ)

ಲಗತ್ತುಗಳು:
1. ನನ್ನ ಗುರುತಿನ ಚೀಟಿಯ ನಕಲು (ಮಚ್ಚೆ ಸಹಿತ).
2. ಕರವಸ್ತ್ರ, ಒಂದು (ಒರೆಸಿದ್ದಕ್ಕೆ ಪುರಾವೆ).

ಸೇರ್ಪಡೆ (ಆವಕ ವಿಭಾಗದ ಕಿಟಕಿಯಲ್ಲಿ ನಿಂತು ಬರೆದದ್ದು):

ಲಕೋಟೆಯ ಮೇಲೆ ಏನೇ ಬರೆದಿದ್ದರೂ ಆವಕದಲ್ಲಿ ಒಡೆದು ಓದಿಯೇ ಮೊಹರು ಒತ್ತಬೇಕೆಂಬ ತಮ್ಮ ಸುತ್ತೋಲೆ ನನ್ನ ಗಮನಕ್ಕೆ ಬಂದಿರಲಿಲ್ಲ. ಮೇಡಂ ನನ್ನೆದುರೇ ಒಡೆದರು. ಮೊದಲಿನಿಂದ ಕೊನೆಯವರೆಗೂ ಓದಿದರು. ಐದನೇ ಅಂಶಕ್ಕೆ ಹಿಂತಿರುಗಿ ಮತ್ತೊಮ್ಮೆ ಓದಿ, ಮೊಹರನ್ನು ತಲೆಕೆಳಗಾಗಿ ಒತ್ತಿದರು.

"ಸೋಪಂತೆ ಸೋಪು! ಆ ಶಾಯಿ ಯಾವ ಸೋಪಿಗೆ ಹೋಗತ್ರೀ? ದಿನಾ ಸಂಜೆ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ನನ್ನ ಕೆನ್ನೆ ಉರಿದುಹೋಯ್ತು. ಒರೆಸ್ಲಿ ಬಿಡಿ ಗಾಜು, ನಾನಂತೂ ದಿನಾ ಸ್ಟ್ಯಾಂಡಿಗೆ ಬರ್ತೀನಿ" ಎಂದರು.

ಆದ್ದರಿಂದ ಈ ಅರ್ಜಿಯನ್ನು ಈ ಮೂಲಕ ಹಿಂಪಡೆಯಲಾಗಿದೆ. ಮೆಕ್ಯಾನಿಕ್ ಶುಕ್ರವಾರ ಬರಬಹುದು, ಗಾಜನ್ನು ಒಳಗೂ ಹೊರಗೂ ಒರೆಸಬಹುದು. ಮಾರ್ಕರನ್ನು ಮಾತ್ರ ನನ್ನಿಂದ ವಾಪಸು ಕೇಳಬಾರದಾಗಿ ವಿನಂತಿ.