ಧ್ವನಿ ಕಳ್ಳನಿಗೆ ಒಡಪಿನ ಬೀಗ

ಸಿಂಧನೂರಿನ ಸ್ಟೀಲ್ ಪಾತ್ರೆ ಅಂಗಡಿ ಜಂಬಣ್ಣನಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಇರುವುದೊಂದೇ ಕಾಯಿಲೆ, ವಿಜ್ಞಾನ ಸುದ್ದಿ. ಬೆಳಗಿನ ಚಹಾ ಗಂಟಲಿಗೆ ಇಳಿಯುವ ಮೊದಲೇ ಫೋನು ತೆರೆದು, ಇವತ್ತು ಜಗತ್ತಿಗೆ ಯಾವ ದಿಕ್ಕಿನಿಂದ ಗಂಡಾಂತರ ಬರಲಿದೆ ಎಂದು ನೋಡಿಕೊಳ್ಳದಿದ್ದರೆ ಆತನಿಗೆ ಮುಂದಿನ ಕೆಲಸ ಸಾಗದು. ಒಮ್ಮೆ ಸೂರ್ಯನಿಂದ ಬಿರುಗಾಳಿ ಹೊರಟಿದೆ ಎಂದು ಓದಿ ಇಡೀ ದಿನ ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟ. (ಬಿರುಗಾಳಿ ಸಿಂಧನೂರಿನ ತನಕ ಬರಲಿಲ್ಲ. ಹಾಲು ಮಾತ್ರ ಒಡೆಯಿತು.) ಇನ್ನೊಮ್ಮೆ ಆಕಾಶದ ಬಂಡೆಯೊಂದು ಭೂಮಿಯ ಪಕ್ಕದಲ್ಲೇ ಹಾದುಹೋಗುತ್ತದೆ ಎಂದು ತಿಳಿದು, ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನೆಲ್ಲ ಹೆಂಡತಿ ಕಸ್ತೂರೆಮ್ಮನಿಂದ ಕೆಳಗಿಳಿಸಿದ. ಬಂಡೆ ಬಿದ್ದರೆ ಮನೆಯೇ ಉಳಿಯುವುದಿಲ್ಲ, ಸಂಡಿಗೆ ಉಳಿಸಿ ಏನು ಮಾಡುವುದು ಎಂದು ಆಕೆ ಕೇಳಿದ ಪ್ರಶ್ನೆಗೆ ವಿಜ್ಞಾನದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ.

ಅಂಗಡಿಗೆ ಬಂದ ಮೇಲೆ ಈ ಸುದ್ದಿಗಳನ್ನು ಕೇಳುವ ಕರ್ಮ ಪಕ್ಕದ ಟೇಲರ್ ಮಕ್ತುಮ್‌ಸಾಬನದು.

“ಇನ್ನ ಸಾಫ್ಟ್‌ವೇರ್ ಬರಿಯಾಕ ಮನಷ್ಯಾರು ಬೇಕಾಗಿಲ್ಲಂತ, ಮಕ್ತುಮ್‌ಸಾಬ್. ಮಷೀನ್‌ಗೋಳು ತಾವಽ ಬರಕೊಂತಾವಂತ. ಮನಷ್ಯಾನ ಕತಿ ಮುಗೀತು.”

ಮಕ್ತುಮ್‌ಸಾಬ್ ಬಾಯೊಳಗಿನ ದಾರ ಕಡಿದು ಹೇಳುತ್ತಿದ್ದ. “ನಮ್ಮ ಗಿರಾಕಿ ಲಾಲ್‌ಬೀದು ಒಂದು ಬ್ಲೌಸ್ ಹೊಲದು ತೋರಿಸ್ಲಿ ನಿಮ್ಮ ಮಷೀನು. ಅಳತಿ ಕೊಡೋದು ಒಂದು, ಆಕಿಗೆ ಬೇಕಾಗಿದ್ದು ಇನ್ನೊಂದು. ಅಷ್ಟು ಮಾಡ್ತಂದ್ರ ನಾ ಹೆದರ್ತೀನಿ, ಕಸಮ್‌ಸೆ.”

ಇಂಥ ಜಂಬಣ್ಣನ ಕಣ್ಣಿಗೆ ಒಂದು ದಿನ ಆ ಸುದ್ದಿ ಬಿತ್ತು. ಕಂಪ್ಯೂಟರು ಮನುಷ್ಯರ ಧ್ವನಿ ಕದಿಯುತ್ತದಂತೆ. ಅದೇ ಧ್ವನಿಯಲ್ಲಿ ಮನೆಯವರಿಗೆ ಫೋನು ಮಾಡಿ, ತೊಂದರೆಯಲ್ಲಿ ಸಿಕ್ಕಿದ್ದೀನಿ, ಬಂದವರ ಕೈಯಲ್ಲಿ ಬಂಗಾರ ಕೊಟ್ಟು ಕಳಿಸು ಅನ್ನುತ್ತದಂತೆ. ಅದಕ್ಕೆ ನಾವು ಆಡಿದ ಒಂದೆರಡು ಮಾತು ಸಿಕ್ಕರೆ ಸಾಕಂತೆ. ಜಂಬಣ್ಣ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಒಂದೆರಡು ಮಾತು! ಆತ ದಿನವಿಡೀ ಮಾತನ್ನು ಪುಕ್ಕಟೆ ಹಂಚುವ ದಾನಶೂರ. ಬಸ್ ಸ್ಟ್ಯಾಂಡಿನ ತನಕ ಕೇಳುವಂತೆ ಕೂಗಿ ಕೊಡ ಮಾರಿದವನು. ಅವನ ಧ್ವನಿ ಇಷ್ಟೊತ್ತಿಗೆ ಎಷ್ಟು ಮಂದಿ ಕಳ್ಳರ ಹತ್ತಿರ ಇರಬೇಕೋ!

ಅಂದಿನಿಂದ ಜಂಬಣ್ಣ ಅಂಗಡಿಯಲ್ಲಿ ಕೈಸನ್ನೆಯಲ್ಲೇ ವ್ಯಾಪಾರ ಶುರುಮಾಡಿದ. ಗಿರಾಕಿಗಳು ಪಾಪ, ಗಂಟಲು ಹೋಗಿದೆ ಅಂದುಕೊಂಡರು. ಮುಕ್ಕುಂದ ಹಳ್ಳಿಯಿಂದ ಬಂದ ಒಬ್ಬ ಅಜ್ಜಿಯಂತೂ ಜ್ಯೇಷ್ಠಮಧು ಕಡ್ಡಿ ತಂದುಕೊಟ್ಟು, ಅಗಿಯುವ ತನಕ ಎದುರಿಗೇ ಕುಳಿತಳು.

ಮನೆಯಲ್ಲಿ ಮಾತ್ರ ಆತ ಬಾಗಿಲು, ಕಿಟಕಿ ಹಾಕಿ, ಎರಡೂ ಫೋನುಗಳನ್ನು ಸ್ಟೀಲ್ ಡಬ್ಬಿಯೊಳಗೆ ಮುಚ್ಚಿಟ್ಟು ಹೆಂಡತಿಗೆ ಉಪದೇಶ ಮಾಡಿದ.

“ನೋಡು ಕಸ್ತೂರಿ, ಇನ್ಮ್ಯಾಲ ನನ್ನ ಧ್ವನಿ ಕೇಳಿದ ಕೂಡ್ಲೆ ನಾನಽ ಅಂತ ನಂಬಬ್ಯಾಡ.”

“ಇಷ್ಟು ವರ್ಷ ನಂಬಿ ಏನ್ ಉದ್ಧಾರ ಆಗೀನಿ, ಬಿಡ್ರಿ.”

“ಚಾಷ್ಟಿ ಅಲ್ಲಿದು! ಹೊಸಾ ನಂಬರಿಂದ ಫೋನ್ ಬರತೈತಿ. ಗಡಿಬಿಡಿ ಮಾಡ್ತೈತಿ. ಬಂಗಾರ ಕೊಟ್ಟು ಕಳಿಸು ಅಂತೈತಿ. ಆಗ ತಿಳಕೋ, ಅದು ನಾನಲ್ಲ.”

“ನಂಬರು ನಮ್ಮ ಮಂದೀದಽ ಇದ್ರ?”

“ನಂಬರೂ ಕದೀತಾವ.”

“ವಿಡಿಯೋದಾಗ ಮಾರಿ ಕಂಡ್ರ?”

“ಮಾರೀನೂ ಮಾಡ್ತಾವ!”

ಕಸ್ತೂರೆಮ್ಮ ಗಂಡನ ಮುಖವನ್ನು ಕೊಂಚ ಹೊತ್ತು ದಿಟ್ಟಿಸಿದಳು. “ಮಾಡೋದು ಮಾಡ್ತಾವ, ಸ್ವಲ್ಪ ಚೊಲೋ ಮಾರಿ ನೋಡಿ ಮಾಡಬಾರ್ದೇನ್ರಿ?”

ಜಂಬಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ. ಆತನ ತಲೆಯಲ್ಲಿ ಮಹತ್ತರವಾದ ಯೋಜನೆಯೊಂದು ಆಕಾರ ತಾಳುತ್ತಿತ್ತು. ಗಂಡಹೆಂಡಿರ ನಡುವೆ ಇಂಟರ್‌ನೆಟ್ಟಿಗೆ ಗೊತ್ತಿಲ್ಲದ ಒಂದು ಗುಟ್ಟು ಬೇಕು. ಹುಟ್ಟಿದ ತಾರೀಖು ಆಧಾರಿನಲ್ಲಿದೆ. ಹೆಸರು, ಅಡ್ಡಹೆಸರು ಎಲ್ಲ ರೇಷನ್ ಕಾರ್ಡಿನಲ್ಲಿದೆ. ಹಾಗಾದರೆ ಯಾವುದು? ಥಟ್ಟನೆ ಹೊಳೆಯಿತು, ಮದುವೆಯ ಒಡಪು! ಹೊಸ ಮದುಮಕ್ಕಳನ್ನು ಹೊಸ್ತಿಲಲ್ಲಿ ತಡೆದು, ಒಬ್ಬರ ಹೆಸರನ್ನು ಇನ್ನೊಬ್ಬರು ಪ್ರಾಸ ಕಟ್ಟಿ ಹೇಳಿದರೇ ಒಳಗೆ ಬಿಡುವುದು ಈ ಕಡೆಯ ಪದ್ಧತಿ. ಜಂಬಣ್ಣನೂ ಹೇಳಿದ್ದ. ಆಗ ಫೋನಿರಲಿಲ್ಲ, ವಿಡಿಯೋ ಇರಲಿಲ್ಲ. ಯಾವ ಕಂಪ್ಯೂಟರಿನ ಅಪ್ಪನಿಗೂ ಅದು ಗೊತ್ತಿರಲು ಸಾಧ್ಯವಿಲ್ಲ.

“ಫೋನಿನ್ಯಾಗ ನನ್ನ ಒಡಪು ಕೇಳು. ಹೇಳಿದ್ರ ನಾನು, ಹೇಳ್ಲಿಲ್ಲಂದ್ರ ಕಳ್ಳ. ನಾನಽ ಬಂದು ಕಾಲಿಗೆ ಬಿದ್ರೂ ಬಿಡಬ್ಯಾಡ.”

“ನಿಮಗ ನೆನಪೈತೇನ್ರಿ ಅದು?”

“ನಂದು ನಾ ಮರೀತೀನೇನು?”

“ಹಂಗಾರ ಈಗ ಒಮ್ಮೆ ಹೇಳ್ರಿ, ಕೇಳೋಣ.”

ಜಂಬಣ್ಣ ಬಾಯಿ ತೆರೆದ, ಮುಚ್ಚಿದ. ಆಮೇಲೆ ಡಬ್ಬಿಯ ಕಡೆ ಕಣ್ಣು ಮಾಡಿ ಪಿಸುಗುಟ್ಟಿದ. “ಹುಚ್ಚಿ, ಫೋನ್ ಕೇಳಾಕತ್ತೈತಿ!”

ಈ ಪ್ರಸಂಗ ನಡೆದ ಕೆಲವೇ ದಿನಕ್ಕೆ ಲಿಂಗಸುಗೂರಿನಲ್ಲಿ ತಂಗಿ ಅಂಬಮ್ಮನ ಮಗಳು ಭುವನೇಶ್ವರಿಯ ಮದುವೆ ನಿಶ್ಚಯದ ದಿನ ಗೊತ್ತಾಯಿತು. ಸೋದರಮಾವನಾದ ಜಂಬಣ್ಣ ತನ್ನ ಅವ್ವನ ಬಂಗಾರದ ಗುಂಡಿನ ಬೋರಮಳ ಸರವನ್ನು ಅವತ್ತು ಹುಡುಗಿಯ ಕೊರಳಿಗೆ ಹಾಕಬೇಕು. ಅದು ಅವ್ವ ಸಾಯುವಾಗ ತೆಗೆದುಕೊಂಡ ಮಾತು. ಸರ ಇಷ್ಟು ವರ್ಷ ಕಸ್ತೂರೆಮ್ಮನ ಕಪಾಟಿನಲ್ಲಿತ್ತು. ಅತ್ತಿಗೆ ಅದನ್ನು ಕೊಡುವುದು ಸುಳ್ಳು ಎಂದು ಅಂಬಮ್ಮ ಕಂಡವರ ಮುಂದೆ ಹೇಳುತ್ತಿದ್ದಳು. ಹೇಳಿದ್ದು ಕಸ್ತೂರೆಮ್ಮನ ಕಿವಿಗೂ ಬೀಳುತ್ತಿತ್ತು. ಅತ್ತಿಗೆ ನಾದಿನಿಯರು ಹಬ್ಬಕ್ಕೊಮ್ಮೆ ನಕ್ಕು ಮಾತಾಡಿದರೆ ಅದೇ ಹೆಚ್ಚು. ಈ ಸರ ಸರಿಯಾಗಿ ತಲುಪದಿದ್ದರೆ ಅಣ್ಣತಂಗಿಯ ನಡುವೆ ಹೋಗಿಬರುವುದೂ ನಿಲ್ಲುತ್ತದೆ ಎಂಬುದು ಜಂಬಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗಿದ್ದುದು ಒಬ್ಬಳೇ ತಂಗಿ.

ಅದಕ್ಕೇ ಆತ ಹೆಚ್ಚು ಹೆದರಿದ. ಹೆದರಿದ್ದರಿಂದ ಹೆಚ್ಚು ಬುದ್ಧಿ ಓಡಿಸಿದ. ಸರವನ್ನು ಕಪಾಟಿನಿಂದ ತೆಗೆದು ಜೋಳದ ಡಬ್ಬಿಯ ತಳದಲ್ಲಿ ಹುಗಿದ. ಕಳ್ಳ ಬಂದರೆ ಮೋಸಹೋಗಲೆಂದು ಸರದ ಕೆಂಪು ಪೆಟ್ಟಿಗೆಯಲ್ಲಿ ನಾಲ್ಕು ಅಡಕೆ ಹಾಕಿಟ್ಟ. ಮನೆ ಖಾಲಿ ಇರುವುದು ಎ.ಐ.ಗೆ ಗೊತ್ತಾಗುತ್ತದೆಂದು ಹೆಂಡತಿಯನ್ನು ಕಾವಲಿಗೆ ಬಿಟ್ಟ. (ನಾದಿನಿಯ ಕೊಂಕು ಕೇಳುವುದು ತಪ್ಪಿತೆಂದು ಆಕೆಯೂ ಹೂಂ ಅಂದಳು.) ಬಸ್ಸಿನಲ್ಲಿ ಅಕ್ಕಪಕ್ಕದ ಫೋನುಗಳು ತನ್ನ ಫೋನಿನಿಂದ ಏನಾದರೂ ಹೀರಿಕೊಂಡಾವೆಂದು ಅದನ್ನೂ ಮನೆಯಲ್ಲೇ ಇಟ್ಟ. ಮಕ್ತುಮ್‌ಸಾಬ್ ಭುವನೇಶ್ವರಿಯ ಬ್ಲೌಸು ಮುಗಿಸಿಕೊಂಡು, ಮಗ ನಾಸೀರನ ಕಾರಿನಲ್ಲಿ ಆಮೇಲೆ ಬರುವವನಿದ್ದ. ಬರುವಾಗ ಕಸ್ತೂರೆಮ್ಮ ಮಾಡಿದ ಕರ್ಚಿಕಾಯಿ ಬುಟ್ಟಿ ಒಯ್ಯುವುದೆಂದು ಮಾತಾಗಿತ್ತು. ಇಷ್ಟೆಲ್ಲ ಬಂದೋಬಸ್ತು ಮಾಡಿದ ಜಂಬಣ್ಣ ಕೆಂಪು ಪೆಟ್ಟಿಗೆಯನ್ನು ಎದೆಗವಚಿಕೊಂಡು ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದ.

ಅಂಬಮ್ಮನ ಮನೆಯ ತುಂಬ ಬೀಗರು. ಜಂಬಣ್ಣ ಕೋಣೆಯೊಳಗೆ ಹೋಗಿ, ಒಮ್ಮೆ ಸರ ಒರೆಸಿಡೋಣವೆಂದು ಪೆಟ್ಟಿಗೆ ತೆರೆದ.

ನಾಲ್ಕು ಅಡಕೆ.

ಕಳ್ಳನಿಗೆಂದು ಒಡ್ಡಿದ ಮೋಸಕ್ಕೆ ಬಿದ್ದ ಮೊದಲ ಗಿರಾಕಿ ತಾನೇ. ಸೂರ್ಯನ ಬಿರುಗಾಳಿಗೂ, ಆಕಾಶದ ಬಂಡೆಗೂ ಆತ ಇಷ್ಟು ಹೆದರಿರಲಿಲ್ಲ. ಹಿತ್ತಲಿಗೆ ಓಡಿ, ಅಡುಗೆ ಭಟ್ಟನ ಫೋನು ಬೇಡಿ ತಗೊಂಡು, ಅಂಗಡಿ ಬೋರ್ಡಿನ ಮೇಲೂ ಬರೆಸಿದ್ದ ಹೆಂಡತಿಯ ನಂಬರ್ ಒತ್ತಿದ.

“ಕಸ್ತೂರಿ, ನಾನು! ಸರ ಜೋಳದ ಡಬ್ಬ್ಯಾಗಽ ಉಳದೈತಿ. ಮಕ್ತುಮ್‌ಸಾಬ್ ಬಂದ ಕೂಡ್ಲೆ ಅವನ ಕೈಯಾಗ ಕೊಟ್ಟು ಕಳಿಸು, ಜಲ್ದಿ!”

ಆ ಕಡೆಯಿಂದ ಕಸ್ತೂರೆಮ್ಮನ ಬೆರಗಿನ ಧ್ವನಿ ಬಂತು. “ಅಯ್ಯ ನಮ್ಮವ್ವ! ಹೊಸಾ ನಂಬರು, ಗಡಿಬಿಡಿ, ಬಂಗಾರ! ನಮ್ಮನಿಯವ್ರು ಖರೇನಽ ಹೇಳಿದ್ರು ನೋಡು!”

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲೇ ಇಲ್ಲ. ಮದುವೆಯಾದಂದಿನಿಂದ ಹೆಂಡತಿ ತನ್ನ ಒಂದು ಮಾತನ್ನೂ ಕೇಳಿದವಳಲ್ಲ. ಕೇಳಲು ಇವತ್ತೇ ಸಿಕ್ಕಿತೇ ಆಕೆಗೆ!

ತಿರುಗಿದರೆ ಅಂಬಮ್ಮ ನಿಂತಿದ್ದಳು. ಕೈಯಲ್ಲಿ ತೆರೆದ ಪೆಟ್ಟಿಗೆ.

“ಅತ್ತಿಗಿಗೆ ಕೊಡೋ ಮನಸಿಲ್ಲಂದ್ರ ಮದಲಽ ಹೇಳಬೇಕಾಗಿತ್ತಣ್ಣಾ. ಬೀಗರ ಮುಂದ ಹಿಂಗ ಅಡಕಿ ತಂದು ಮಾರಿಗೆ ಹಿಡೀಬಾರ್ದಾಗಿತ್ತು.” ಆಕೆಯ ಕಣ್ಣಲ್ಲಿ ನೀರಾಡಿತು. ಧ್ವನಿ, ಕಂಪ್ಯೂಟರು, ಕಳ್ಳ ಎಂದು ಜಂಬಣ್ಣ ಏನೇನೋ ತೊದಲಿದ. ಹೇಳಿದಷ್ಟೂ ಅದು ಕಟ್ಟುಕತೆಯಂತೆಯೇ ಕೇಳಿಸುತ್ತಿತ್ತು.

“ಆತು ಬಾ, ಎಲ್ಲಾರೂ ಕೇಳ್ಲಿ” ಎಂದು ಅಂಬಮ್ಮ ಅವನನ್ನು ಪಡಸಾಲೆಗೆ ಎಳೆದು ತಂದು, ಬೀಗರ ನಡುವೆ ಕೂರಿಸಿ, ತನ್ನ ಫೋನಿನಿಂದ ಅತ್ತಿಗೆಗೆ ಹಚ್ಚಿ ಸ್ಪೀಕರ್ ಒತ್ತಿದಳು.

“ಅಂಬಮ್ಮನ ನಂಬರ್ ಐತಿ, ಆದ್ರ ನಂಬರೂ ಕದೀತಾವಂತ” ಎಂದಿತು ಫೋನು. “ಮಕ್ತುಮಣ್ಣ ಇಲ್ಲೇ ಬಾಗಲ್ದಾಗ ನಿಂತಾನ. ಸರ ನನ್ನ ಕೈಯಾಗ ಐತಿ. ನಮ್ಮನಿಯವ್ರು ಅಲ್ಲಿ ಇದ್ರ ಒಡಪು ಹೇಳ್ಲಿ, ಈಗಽ ಕೊಡ್ತೀನಿ.”

ಹಿಂದಿನಿಂದ ಮಕ್ತುಮ್‌ಸಾಬನ ದನಿ ಕೇಳಿಸಿತು. “ಜಂಬಣ್ಣ, ಜಲ್ದಿ ಹೇಳ್ರೀ, ನಾಸೀರ್ ಗಾಡಿ ಚಾಲೂ ಇಟ್ಕೊಂಡು ಕುಂತಾನ!”

ಪಡಸಾಲೆಯೆಲ್ಲ ಕಿವಿಯಾಯಿತು. ಒಡಪಿನಲ್ಲಿ ಒಂದು ಕೊಡ ಇತ್ತು, ಜಂಬಣ್ಣನಿಗೆ ಅಷ್ಟು ನೆನಪು. ಕೊಡದ ಮುಂದೆ ಕತ್ತಲೆ. ಆತ ತಂಗಿಯ ಕಡೆ ನೋಡಿದ. ಮದುವೆಯ ದಿನ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ಅವರಿಬ್ಬರನ್ನು ತಡೆದು ನಿಂತವಳು ಇದೇ ಅಂಬಮ್ಮ. ಅವಳಿಗೆ ಗೊತ್ತಿರಲೇಬೇಕು.

“ಪಕ್ಕದಾಗ ಯಾರೂ ಹೇಳಿಕೊಡಬಾರ್ದು” ಎಂದಿತು ಫೋನು.

“ಅತ್ತಿಗಿ ಅಂದದ್ದು ಬರೋಬ್ಬರಿ ಐತಿ” ಎಂದಳು ಅಂಬಮ್ಮ. “ನೀನಽ ಹೇಳು.”

ಈ ಇಬ್ಬರು ಹೆಂಗಸರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಜಂಬಣ್ಣ ಕಣ್ಣು ಮುಚ್ಚಿ, ಅಂಗಡಿಯಲ್ಲಿ ದಿನವೂ ಬಾಯಿಗೆ ಬರುವುದು ಬಂದಂತೆ ಶುರುಮಾಡಿದ.

“ಸ್ಟೀಲಿನ ಕೊಡ ಹೊಳದೈತಿ... ತಳದಾಗ ನೀರು ಸೋರೈತಿ... ಕಸ್ತೂರಿ... ಕಸ್ತೂರಿ ಕಾಲಿಟ್ಟ ಮನಿ... ಮನಿ... ವಾರಂಟಿ ಐತಿ, ಬದಲಿ ಮಾಡಿ ಕೊಡಾಕ ಬರತೈತಿ!”

ಬೀಗರ ಕಡೆಯ ಹಿರಿಯರೊಬ್ಬರ ಬಾಯಿಂದ ಎಲೆಅಡಿಕೆ ಹೊರಗೆ ಹಾರಿತು. ಪಡಸಾಲೆ ನಕ್ಕು ನಕ್ಕು ಕೆಳಗೆ ಬಿತ್ತು. ಜಂಬಣ್ಣನಿಗೆ ಮಾತ್ರ ಸರವೂ ಹೋಯಿತು, ತಂಗಿಯೂ ಹೋದಳು, ಇನ್ನು ಮನೆಗೆ ಹೋದರೆ ಹೆಂಡತಿಯೂ ಇಲ್ಲ ಅನ್ನಿಸಿತು.

ಫೋನಿನಲ್ಲಿ ಕಸ್ತೂರೆಮ್ಮ ನಿಟ್ಟುಸಿರು ಬಿಟ್ಟಳು. “ಮಕ್ತುಮಣ್ಣಾ, ತಗೋ ಸರ. ಇವ್ರಽ ಅದಾರ. ಮಷೀನು ಭಾಳ ಓದಿರತೈತಿ, ಇಷ್ಟು ತಪ್ಪು ಹೇಳಾಕ ಅದಕ ಬರಂಗಿಲ್ಲ.”

ಸರ ಬಂತು. ಮುಹೂರ್ತಕ್ಕೆ ಸರಿಯಾಗಿ ಬಂತು. ಭುವನೇಶ್ವರಿಯ ಕೊರಳಲ್ಲಿ ಅವ್ವನ ಬೋರಮಳ ಕಂಡಾಗ ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅತ್ತಿಗಿ ಹೊರಗಿನ ಗಂಡಸ್ರ ಮಾತಿಗೆ ಮರುಳಾಗಿ ಅವ್ವನ ಸರ ಕಳಕೊಳ್ಳಲಿಲ್ಲ, ಚೊಲೋ ಆತು” ಎಂದು ಎಲ್ಲರೆದುರು ಹೊಗಳಿದಳು. (ಆ ಹೊರಗಿನ ಗಂಡಸು, ಅಂದರೆ ಜಂಬಣ್ಣ, ಪಕ್ಕದಲ್ಲೇ ಕುಳಿತು ಹೋಳಿಗೆ ತಿನ್ನುತ್ತಿದ್ದ.) ಹೊರಡುವಾಗ ಅಣ್ಣನನ್ನು ಮೂಲೆಗೆ ಕರೆದು ನಿಜವಾದ ಒಡಪನ್ನು ಹೇಳಿಕೊಟ್ಟಳು. “ಮನಿಗೆ ಹೋಗಿ ಇದನ್ನ ಹೇಳು. ಪಾಪ, ಆಕಿ ಒಬ್ಬಾಕಿನಽ ಕುಂತಾಳ.”

ಜಂಬಣ್ಣ ಕಾರಿನಲ್ಲಿ ಅದನ್ನು ಪಾಠ ಮಾಡಿದ. ಮಸ್ಕಿ ಬರುವಷ್ಟರಲ್ಲಿ ಮೊದಲ ಸಾಲು ಬಾಯಿಗೆ ಬಂತು. ಮಕ್ತುಮ್‌ಸಾಬ್ ತಪ್ಪಿದಲ್ಲೆಲ್ಲ ತಿದ್ದಿದ. ಸಿಂಧನೂರಿನ ಹೊತ್ತಿಗೆ ಕಾರು ಓಡಿಸುತ್ತಿದ್ದ ನಾಸೀರನಿಗೂ ಅದು ಕಂಠಪಾಠವಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪಮಗ ಜಂಬಣ್ಣನನ್ನು ಬಾಗಿಲಲ್ಲಿ ಇಳಿಸಿ ಹೋದರು. ಬಾಗಿಲು ಒಳಗಿನಿಂದ ಹಾಕಿತ್ತು. ಆತ ಗಂಟಲು ಸರಿಮಾಡಿಕೊಂಡು, ಒಂದಕ್ಷರ ತಪ್ಪದಂತೆ ಹೇಳಿದ.

“ಹಿತ್ತಾಳಿ ಕೊಡ ಹೊಳದೈತಿ, ತುಂಬಿದ ನೀರು ತುಳುಕೈತಿ,
ಕಸ್ತೂರಿ ಕಾಲಿಟ್ಟ ಮನಿ ದೀಪ ಹಚ್ಚಿದಂಗ ಬೆಳಗೈತಿ!”

ಒಳಗೆ ಬಳೆಯ ಸದ್ದಾಯಿತು. ಹೆಜ್ಜೆಗಳು ಬಾಗಿಲ ತನಕ ಬಂದವು. ಜಂಬಣ್ಣ ಕೂದಲು ನೇವರಿಸಿಕೊಂಡು ನಗುಮುಖ ಮಾಡಿದ. ಒಳಗಿನಿಂದ ಖಟ್ಟೆಂದು ಎರಡನೆಯ ಚಿಲಕವೂ ಬಿತ್ತು.

“ಯಾರಪ್ಪಾ ನೀ?” ಕಸ್ತೂರೆಮ್ಮನ ದನಿ ನಡುಗುತ್ತಿತ್ತು. ನಗೆಯಿಂದಲೋ, ಹೆದರಿಕೆಯಿಂದಲೋ ಜಂಬಣ್ಣನಿಗೆ ತಿಳಿಯಲಿಲ್ಲ. “ಧ್ವನಿ ಅವರದಽ ಐತಿ. ಆದ್ರ ನಮ್ಮನಿಯವ್ರಿಗೆ ಇಷ್ಟು ಚೊಲೋ ಹೇಳಾಕ ಬರಂಗಿಲ್ಲ.”

“ಏ ಕಸ್ತೂರೀ, ನಾನಽ ಬೇ! ನಿನ್ನ ಕಾಲಿಗೆ ಬೀಳ್ತೀನಿ, ತಗೀ!”

“ಕಾಲಿಗೆ ಬಿದ್ರೂ ಬಿಡಬ್ಯಾಡಂತ ಹೇಳ್ಯಾರ. ನೀ ಅವ್ರಽ ಆಗಿದ್ರ, ಮುಂಜಾನಿ ಹೇಳಿದ್ಯಲ್ಲ, ಅದನ್ನ ಹಂಗಽ ಹೇಳು. ತಗೀತೀನಿ.”

ಜಂಬಣ್ಣ ಬಾಯಿ ತೆರೆದ. ಹಿತ್ತಾಳೆ ಕೊಡ, ತುಳುಕುವ ನೀರು, ಬೆಳಗುವ ದೀಪ ಎಲ್ಲವೂ ಸಾಲಾಗಿ ಬಂದು ನಾಲಗೆಯ ಮೇಲೆ ನಿಂತವು. ಬೆಳಿಗ್ಗೆ ತಾನು ಹೇಗೆ ತಪ್ಪಿದ್ದೆ ಎಂಬುದು ಮಾತ್ರ, ಏನು ಮಾಡಿದರೂ ನೆನಪಿಗೆ ಬರಲಿಲ್ಲ.